ಬೊಮ್ಮನ ಕಾಡುಸೇವಂತಿಗೆ

ಇದನ್ನ ಸುಳ್ಳು ಅನ್ನೋ ಧೈರ್ಯ ಇರೋರು ಈಗಲೇ ಎದ್ದು ನಿಲ್ಲಿ. ಯಾರೂ ಇಲ್ವಾ? ಹಾಗಾದ್ರೆ ಬಾಯಿ ಮುಚ್ಚಿ ಕೇಳಿ.

ಒಂದು ಸೀಮೆಗೆ ಒಬ್ಬ ರಾಜ. ಅವನ ಕಾಡಿನಂಚಿನ ಊರಲ್ಲಿ ಬೊಮ್ಮ ಅನ್ನೋ ಪಡ್ಡೆ ಹುಡುಗ. ಜೇನು ಕೀಳೋದು ಅವನ ಕಸುಬು, ಜಂಬ ಕೊಚ್ಚೋದು ಅವನ ಚಾಳಿ. ಆ ಕಾಡಿನ ಮರಗಳ ನೆರಳಲ್ಲಿ ಕಾಡುಸೇವಂತಿಗೆ ಬೆಳೀತಿತ್ತು. ನಡುವೆ ಹಳದಿ, ಸುತ್ತ ತಿಳಿನೀಲಿ ಎಸಳು. ಮಳೆ ಮುಗಿದು ಬೇರೆ ಹೂವೆಲ್ಲ ಉದುರಿದ ಮೇಲೆ ಅದು ಅರಳೋದು. ಚಳಿಗೆ ಮುಂಚೆ ಜೇನುಹುಳಕ್ಕೆ ಅದೇ ಕಡೇ ಊಟ.

ಆ ಹೂವಿನ ಮೇಲೆ ರಾಣಿಗೆ ಆಸೆಯಾಯ್ತು. ಅರಮನೆ ತೋಟದ ಯಜಮಾನ ನಂಜರಸ ಕಾಡಿಗೆ ಗಾಡಿ ಹೊಡೆಸಿದ. ಮೊದಲ ವರ್ಷ ಒಂದು ಗಾಡಿ ಗಿಡ ಕಿತ್ತು ತಂದು ಸುಡು ಬಿಸಿಲಲ್ಲಿ ನೆಟ್ಟ, ಒಣಗಿದವು. ಎರಡನೇ ವರ್ಷ ಎರಡು ಗಾಡಿ ತಂದು ಗೊಬ್ಬರ ಸುರಿದ. ಉದ್ದುದ್ದ ಬೆಳೆದು ನೆಲಕ್ಕೆ ಬಿದ್ದವು. ಮೂರನೇ ವರ್ಷ ಮೂರು ಗಾಡಿ ತಂದು ಬಿಡದೆ ನೀರು ಹಾಯಿಸಿದ, ಬೇರು ಕೊಳೆತವು. ಕಾಡು ಬೋಳಾಯ್ತು. ಬೊಮ್ಮನ ಊರಿನ ಜೇನುಗೂಡು ಬರಿದಾದವು.

ಬೊಮ್ಮ ಸೀದಾ ಆಸ್ಥಾನಕ್ಕೆ ನುಗ್ಗಿದ.

"ಬುದ್ಧೀ, ಆ ಹೂವಿಂದು ಬೇರು ಸಮೇತ ಒಂದೇ ಒಂದು ಬುಡ ಸಾಕು ನನಗೆ. ಈ ವರ್ಷವೇ ಹೂ ಬಿಡಿಸ್ತೀನಿ. ಬಿಟ್ರೆ ನಮ್ಮ ಕಾಡಿಗೆ ಗಾಡಿ ಬರಬಾರದು."

"ಬಿಡದಿದ್ರೆ?" ಅಂದ ರಾಜ.

"ನಮ್ಮೂರೋರು ಮತ್ತೆ ಆ ಕಾಡಿಗೆ ಕಾಲಿಡಲ್ಲ."

ನಂಜರಸ ಹೊಟ್ಟೆ ಹಿಡ್ಕೊಂಡು ನಕ್ಕ. "ಜೇನು ಕೀಳೋನು ನನಗೆ ತೋಟ ಹೇಳಿಕೊಡ್ತಾನಂತೆ!"

ರಾಜ ಒಪ್ಪಿದ. ಬೊಮ್ಮ ಅರಮನೆಯ ಕುದುರೆ ಲಾಯದ ಹಿಂದೆ, ಹಲಸಿನ ಮರದಡಿ ಬುಡ ನೆಟ್ಟ. ಬೆಳಗಿನ ಎಳೆಬಿಸಿಲು ಮಾತ್ರ ಬೀಳೋ ಜಾಗ ಅದು. ನೆಟ್ಟು ತಿರುಗಿದರೆ ಗೋಡೆಯಾಚೆ ನಂಜರಸನ ಪೇಟ ಕಾಣ್ತು. ಇವನು ಕೆಡಿಸೋಕೇ ಬರ್ತಾನೆ ಅಂತ ಬೊಮ್ಮನಿಗೆ ಗೊತ್ತಾಯ್ತು. ಬರಲಿ, ಬಂದೋನ ಕೈಲೇ ಕೆಲಸ ಮಾಡಿಸಿದ್ರಾಯ್ತು ಅಂದ್ಕೊಂಡ.

ಮುಂಗಾರು ಹಿಡೀತು. ಬೊಮ್ಮ ಗೋಡೆಯಾಚೆಗೂ ಕೇಳೋ ಹಾಗೆ ಲಾಯದ ಆಳು ಕೆಂಪಯ್ಯನಿಗೆ ಕೂಗಿ ಹೇಳಿದ: "ಅಣ್ಣೋ, ಯಾರಾದ್ರೂ ಈ ಬುಡ ಅಗೆದು ನಾಲ್ಕು ಹೋಳು ಮಾಡಿದ್ರೆ ನಾನು ಸತ್ತೆ ಕಣಣ್ಣೋ!" ಮಾರನೇ ಮಧ್ಯಾಹ್ನ ಬೊಮ್ಮ ಉಣ್ಣೋಕೆ ಹೋದಾಗ ನಂಜರಸ ಬಂದು ಬುಡ ಸೀಳಿ ಎಸೆದು ಹೋದ. ಬೊಮ್ಮ ನಾಲ್ಕನ್ನೂ ಮೊಳ ಮೊಳ ದೂರಕ್ಕೆ ಊರಿದ. ಒಂದಿದ್ದದ್ದು ನಾಲ್ಕಾಯ್ತು.

ಆಮೇಲೆ ಕೂಗಿದ: "ಅಣ್ಣೋ, ಇವುಗಳ ಸುತ್ತ ತರಗೆಲೆ ಸುರಿದ್ರೆ ಉಸಿರು ಕಟ್ಟಿ ಸಾಯ್ತವೆ ಕಣಣ್ಣೋ!" ನಂಜರಸ ಎರಡು ಕುಕ್ಕೆ ತರಗೆಲೆ ಸುರಿದು ಹೋದ. ಕಾಡಲ್ಲಿ ಇದ್ದ ಹಾಗೇ ನೆಲ ತಂಪಾಯ್ತು, ಕಳೆ ಏಳಲಿಲ್ಲ.

ಶ್ರಾವಣಕ್ಕೆ ಮುಂಚೆ ಮತ್ತೆ ಕೂಗಿದ: "ಅಣ್ಣೋ, ಕುಡಿ ಚಿವುಟಿದ್ರೆ ನನ್ನ ಕತೆ ಮುಗೀತು ಕಣಣ್ಣೋ!" ನಂಜರಸ ಒಂದೂ ಬಿಡದೆ ಚಿವುಟಿದ. ಒಂದು ಕುಡಿ ಇದ್ದ ಕಡೆ ನಾಲ್ಕು ಕವಲು ಒಡೆದವು.

ಮೊಗ್ಗು ಬರೋ ಕಾಲ ಹತ್ತಿರ ಬಂತು. ಇನ್ನು ಚಿವುಟಿದ್ರೆ ಹೂವೇ ಇಲ್ಲ. ಬೊಮ್ಮ ಅರಮನೆ ಬಾಗಿಲಲ್ಲಿ ತಲೆ ಮೇಲೆ ಬಟ್ಟೆ ಹಾಕ್ಕೊಂಡು ಕೂತ. "ಸತ್ತೋಯ್ತು. ನನಗೆ ಗಿಡ ಸಾಕೋಕೆ ಬರಲ್ಲ." ಜಂಬದ ಬಾಯಲ್ಲಿ ಆ ಮಾತು ಹೊರಡಿಸೋದು ಬೊಮ್ಮನಿಗೆ ಜೇನು ಕಚ್ಚಿಸಿಕೊಂಡದ್ದಕ್ಕಿಂತ ಉರಿ. ನಂಜರಸ ಮಾತ್ರ ನಂಬಿದ. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ಕಾರ್ತಿಕದಲ್ಲಿ ಬೊಮ್ಮ ಕರೆದ ಅಂತ ರಾಜ ರಾಣಿ ನಂಜರಸನ ಜೊತೆ ಬಂದು ನೋಡಿದರೆ ಹಲಸಿನ ಬುಡವೆಲ್ಲ ನೀಲಿ. ಜೇನುಹುಳ ಮುತ್ತಿಕೊಂಡಿದ್ದವು.

"ಇಷ್ಟೊಂದು ಹೂ ಹೇಗೆ ಬಿಡ್ತಪ್ಪಾ?" ಅಂದಳು ರಾಣಿ.

"ನಾನು ನೆಟ್ಟೆ, ಅಷ್ಟೇ ತಾಯೀ. ಬುಡ ಸೀಳಿದ್ದು, ತರಗೆಲೆ ಹೊದಿಸಿದ್ದು, ಕುಡಿ ಚಿವುಟಿದ್ದು ಯಾರೋ ಪುಣ್ಯಾತ್ಮರು."

ನಂಜರಸನಿಗೆ ಹೊಗಳಿಸಿಕೊಳ್ಳೋ ಆಸೆ ತಡೀಲಿಲ್ಲ. "ನಾನೇ ಮಹಾಪ್ರಭು! ಮೂರೂ ನನ್ನ ಕೈಯಾರೆ ಮಾಡಿದ್ದು!"

"ಹೌದಾ ಯಜಮಾನ್ರೇ?" ಅಂದ ಬೊಮ್ಮ. "ಇಷ್ಟು ಗೊತ್ತಿದ್ರೆ ಆರು ಗಾಡಿ ಗಿಡ ಯಾಕೆ ಕೊಂದ್ರಿ? ಗೊತ್ತಿಲ್ದಿದ್ರೆ ನಾನಿಲ್ಲದ ಹೊತ್ತು ನೋಡಿ ಇಲ್ಲಿಗ್ಯಾಕೆ ಬಂದ್ರಿ?"

ನಂಜರಸ ಪೇಟ ಸರಿಮಾಡಿಕೊಳ್ಳೋ ನೆಪದಲ್ಲಿ ಹಿಂದೆ ಹಿಂದೆ ಸರಿದ. ರಾಜನಿಗೆ ಅಷ್ಟೇ ಸಾಕಾಯ್ತು. ವರ್ಷ ವರ್ಷ ಆ ಬುಡಗಳನ್ನ ಸೀಳಿ, ತಲೆ ಮೇಲೆ ಹೊತ್ತು, ಬೋಳಾದ ಕಾಡಲ್ಲಿ ನೆಟ್ಟು ಬರೋ ಕೆಲಸ ನಂಜರಸನದಾಯ್ತು.

ನೀತಿ ಇಷ್ಟೇ: ಗಿಡ ಸಾಕೋನು ಮೊದಲು ಅದು ಹುಟ್ಟಿದ ಜಾಗ ನೋಡಿ ಕಲೀಬೇಕು. ಇನ್ನೊಬ್ಬರ ಕೆಲಸ ಕೆಡಿಸೋಕೆ ಹೋದೋನು ತನ್ನ ಹೆಸರೇ ಕೆಡಿಸಿಕೊಳ್ತಾನೆ.

ಅರ್ಧ ರಾಜ್ಯ ಸಿಕ್ತು ಅಂತ ಬೊಮ್ಮ ಊರೆಲ್ಲ ಹೇಳ್ಕೊಂಡು ತಿರುಗಿದ. ಸಿಕ್ಕಿದ್ದು ಒಂದು ಕಂಬಳಿ, ಒಂದು ಗುದ್ದಲಿ, ಕಾಡಿಗೆ ಇನ್ನು ಗಾಡಿ ಬರಲ್ಲ ಅನ್ನೋ ರಾಜನ ಮಾತು.