ದಾಸವಾಳದ ಬುಡದ ಪಾಚಿ

ದಾಸವಾಳದ ಬುಡದಲ್ಲಿ ಪಾಚಿ ಹಬ್ಬಿ, ಪಾತಿಯ ಹೂಗಿಡಗಳಿಗೆ ಉಸಿರು ಕಟ್ಟುತ್ತಿತ್ತು. ಅದೇ ಪಾತಿಯಲ್ಲಿ ತಾಯಿಬೆಕ್ಕಿನ ಮರಿ ದಿನವಿಡೀ ಹೊರಳಾಡುತ್ತಿತ್ತು.

ಪಾಚಿ ಕೊಲ್ಲುವ ಔಷಧಿಯ ಬಾಟಲಿ ಎದೆಯುಬ್ಬಿಸಿ, "ನನ್ನನ್ನು ಸುರಿಯಿರಿ. ಮಧ್ಯಾಹ್ನದೊಳಗೆ ಪಾಚಿ ನಿರ್ನಾಮ," ಎಂದಿತು.

"ಆಮೇಲೆ ನೀನೆಲ್ಲಿಗೆ ಹೋಗುತ್ತೀಯಪ್ಪ?" ಎಂದು ಬೆಕ್ಕು ಕೇಳಿತು.

"ಎಲ್ಲಿಗೆ ಹೋಗಲಿ? ಮಣ್ಣಿನಲ್ಲೇ ಇರುತ್ತೇನೆ."

"ಹಾಗಾದರೆ ಮುಚ್ಚಳ ಬಿಗಿದುಕೊಂಡು ಅಟ್ಟದಲ್ಲೇ ಕೂತಿರು, ಮಹರಾಯ. ನನ್ನ ಮಗುವಿಗೆ ಅಂಥ ನೆರೆಯವನು ಬೇಡ."

ಮೂಲೆಯಲ್ಲಿದ್ದ, ಕಳೆ ಕೀಳುವ ಮುದಿ ಕುರ್ಪಿ ಕೆಮ್ಮಿತು. "ನಾನು ಕೆರೆಯುತ್ತೇನಮ್ಮ. ಆದರೆ ಹೊತ್ತು ಮುಳುಗುತ್ತದೆ. ನೆರಳು ಸರಿಯದಿದ್ದರೆ ಪಾಚಿ ಮತ್ತೆ ಬರುತ್ತದೆ."

"ಕೇಳಿಸಿತೇನೇ ದಾಸವಾಳ? ಕೊಂಬೆ ಮೇಲೆತ್ತು, ಬಿಸಿಲು ಬೀಳಲಿ," ಎಂದು ಬೆಕ್ಕು ಗದರಿತು. ದಾಸವಾಳ ಗೊಣಗುತ್ತಲೇ ಕೊಂಬೆ ಎತ್ತಿತು.

ಕುರ್ಪಿ ಸಂಜೆಯವರೆಗೆ ಕೆರೆದು ಕೆರೆದು ಪಾಚಿಯನ್ನೆಲ್ಲ ಕಿತ್ತು ಹಾಕಿತು.

"ಇಷ್ಟು ಹೊತ್ತು ಬೇಕಿತ್ತೇ? ನಾನಾಗಿದ್ದರೆ ಯಾವಾಗಲೋ ಮುಗಿಸುತ್ತಿದ್ದೆ," ಎಂದು ಬಾಟಲಿ ನಕ್ಕಿತು.

ಬೆಕ್ಕು, ಪಾತಿಯಿಂದ ಓಡಿಬಂದ ಮರಿಯನ್ನು ಮುಂಗಾಲಿನಿಂದ ಒತ್ತಿ ಹಿಡಿದು, ಮೈಗೆ ಮೆತ್ತಿದ್ದ ಮಣ್ಣನ್ನೆಲ್ಲ ಮೂತಿಯಿಂದ ಬಾಲದವರೆಗೆ ತನ್ನ ನಾಲಿಗೆಯಿಂದಲೇ ನೆಕ್ಕತೊಡಗಿತು.