ಮೇಲೆತ್ತಿದ ಕೈ

"ಗುರುಗಳೇ, ಬೆಟ್ಟ ಕಂಡರೆ ನೀವು ತ್ರಿಕೋನ ಎನ್ನುತ್ತೀರಿ, ಬಾವಿ ಕಂಡರೆ ವೃತ್ತ ಎನ್ನುತ್ತೀರಿ. ನನಗೆ ಮಾತ್ರ ಬೆಟ್ಟ ಬೆಟ್ಟವಾಗಿಯೇ ಕಾಣುತ್ತದೆ. ನಿಮ್ಮಂಥ ಕಣ್ಣು ನನಗೆ ಯಾವಾಗ ಬರುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕುಂಚ ತೊಳೆದಿಟ್ಟು ಹೇಳತೊಡಗಿದರು.

ಒಬ್ಬ ಚಿತ್ರಗಾರನಿದ್ದ. ಹನ್ನೆರಡು ವರ್ಷ ಆಕಾರಗಳನ್ನೇ ಸಾಧನೆ ಮಾಡಿದ್ದ. ಏನನ್ನು ನೋಡಿದರೂ ಮೊದಲು ಅದರ ರೇಖೆ ಕಾಣುತ್ತಿತ್ತು, ಹೆಸರು ಆಮೇಲೆ ನೆನಪಾಗುತ್ತಿತ್ತು. ಅದನ್ನು ಅವನು ಸಿದ್ಧಿ ಎಂದುಕೊಂಡಿದ್ದ.

ಒಂದು ದಿನ ಹೊಳೆಯ ದಂಡೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದ. ಎಡಗಡೆ ಬೆಟ್ಟದ ತ್ರಿಕೋನ, ಅದರ ಬುಡದಲ್ಲಿ ಕಲ್ಲುಮಂಟಪದ ಚೌಕ, ಕೆಳಗೆ ನೀರಿನ ಅಡ್ಡಗೆರೆ. ಭಾರವೆಲ್ಲ ಎಡಕ್ಕೆ ಬಿದ್ದು ಬಲಗಡೆ ಬರಿದಾಗಿತ್ತು. ಅಷ್ಟರಲ್ಲಿ ಒಬ್ಬ ಅಂಬಿಗ ದುಂಡನೆಯ ಹರಿಗೋಲು ಹಾಕಿಕೊಂಡು ಆ ಕಡೆಯಿಂದ ಬಂದ. ಚಿತ್ರಗಾರ ಹರಿಗೋಲಿದ್ದಲ್ಲಿ ಒಂದು ವೃತ್ತ ಎಳೆದ. ಆದರೂ ಚಿತ್ರ ಸರಿತೂಗಲಿಲ್ಲ. ಬೆಟ್ಟದ ಇಳಿಜಾರಿಗೆ ಎದುರಾಗಿ ಮೇಲೇಳುವ ಒಂದು ಓರೆಗೆರೆ ಬೇಕಿತ್ತು.

ಹರಿಗೋಲು ಸುಳಿಗೆ ಸಿಕ್ಕಿ ಮಗುಚಿತು. ಅಂಬಿಗ ನೀರಿನಿಂದ ಒಂದು ಕೈ ಮೇಲೆತ್ತಿದ. ಚಿತ್ರಗಾರನಿಗೆ ಕಂಡದ್ದು ತಾನು ಹುಡುಕುತ್ತಿದ್ದ ಗೆರೆ. ಅದು ತಪ್ಪಿಹೋಗುವ ಮುಂಚೆ ಹಿಡಿಯಬೇಕೆಂದು ತಲೆ ಬಗ್ಗಿಸಿ ಬರೆದ. ಚಿತ್ರ ಸರಿತೂಗಿತು. ತಲೆಯೆತ್ತಿದಾಗ ನೀರಿನ ಮೇಲೆ ಬೋರಲಾದ ಹರಿಗೋಲು ಮಾತ್ರ ತಿರುಗುತ್ತಿತ್ತು. ಆಗ ಓಡಿದ, ಕೂಗಿದ. ಹರಿಗೋಲು ಕಟ್ಟುವ ಹಗ್ಗ ಅವನು ಕೂತಿದ್ದ ಜಾಗದ ಪಕ್ಕದ ಗೂಟದಲ್ಲೇ ಇತ್ತು. ಅದನ್ನು ಎಸೆದ. ಹಿಡಿಯುವವನು ಇರಲಿಲ್ಲ.

ಮೂರನೆಯ ದಿನ ಹೆಣ ಸಿಕ್ಕಿತು. ಚಿತ್ರಗಾರ ಆ ಹಾಳೆಯನ್ನು ಹರಿಯಲು ಹೋದ, ಮನಸ್ಸು ಬರಲಿಲ್ಲ. ಅವನು ಅದುವರೆಗೆ ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ತಪ್ಪೊಪ್ಪಿಕೊಳ್ಳಬೇಕೆಂದು ಹಾಳೆ ಹಿಡಿದು ಅಂಬಿಗನ ಮನೆಗೆ ಹೋದ. ಅಲ್ಲಿ ಅವನ ಹೆಂಡತಿ ಒಬ್ಬಳೇ ಇದ್ದಳು. ಅಂಬಿಗನನ್ನು ಕೊನೆಯ ಸಲ ನೋಡಿದವನು ತಾನೇ ಎಂದು ಹೇಳಿ ಚಿತ್ರವನ್ನು ಅವಳ ಮುಂದಿಟ್ಟ. ಅವಳು ಬೆಟ್ಟವನ್ನು ನೋಡಲಿಲ್ಲ, ಮಂಟಪವನ್ನೂ ನೋಡಲಿಲ್ಲ. ಆ ಓರೆಗೆರೆಯ ಮೇಲೆ ಬೆರಳಿಟ್ಟಳು.

"ಅಣ್ಣಾ, ಈ ಕೈ ಎಷ್ಟು ಹೊತ್ತು ಮೇಲಿತ್ತು?" ಎಂದು ಕೇಳಿದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಚಿತ್ರಗಾರ ಏನು ಉತ್ತರ ಕೊಟ್ಟ ಎಂದು ಶಿಷ್ಯ ಕೇಳಿದ.

"ಇವತ್ತಿನವರೆಗೂ ನನ್ನಿಂದ ಕೊಡಲಾಗಿಲ್ಲ."