ಗಾದ್ರಯ್ಯನ ಕಡತ

ಕೂತು ಕೇಳಿ, ಇದು ನಮ್ಮ ಅಜ್ಜನ ಅಜ್ಜನಿಗೂ ಹಿಂದಿನ ಮಾತು. ಹೊಳೆಯ ತೆಂಕಣ ದಡದಲ್ಲಿ ಕರಡಿಕಲ್ಲು ಅಂತ ಒಂದೂರು. ಆ ಊರಲ್ಲಿ ಗಾದ್ರಯ್ಯ ಅಂತ ಎಂಬತ್ತು ಆಳುಗಳ ಸರದಾರ ಇದ್ದನಂತೆ. ಕುದುರೆ ಮೇಲೆ ಕೂತರೂ ಕಾಲು ನೆಲಕ್ಕೆ ತಾಗುತ್ತಿತ್ತಂತೆ. ಅದು ಹೇಳುವವರ ಬಾಯಲ್ಲಿ ಬೆಳೆದ ಎತ್ತರ ಇರಬಹುದು. ಕತ್ತಿ ಹಿಡಿದ ಕೈಗೆ ಅಕ್ಷರವೂ ಬರುತ್ತಿತ್ತು ಅನ್ನುವುದು ಮಾತ್ರ ನಿಜ.

ಕರಡಿಕಲ್ಲಿನ ನಾಯಕನಿಗೂ ಹೊಳೆಯಾಚೆಯ ಬಿಳಿಗುಡ್ಡದ ನಾಯಕನಿಗೂ ಯುದ್ಧ ಹತ್ತಿತ್ತು. ಒಂದು ಬೆಳಿಗ್ಗೆ ಓಲೆಕಾರ ಓಡಿ ಬಂದ. ಹೊಳೆ ದಾಟುವ ಕಡವಿನಲ್ಲಿರುವ ನಮ್ಮ ಕೋಟೆಗೆ ಬಿಳಿಗುಡ್ಡದವರು ಮುತ್ತಿಗೆ ಹಾಕಿದ್ದಾರೆ, ಬೇಗ ಹೊರಡಬೇಕಂತೆ ಅಂದ. ಗಾದ್ರಯ್ಯ ಹೊರಟ. ದಾರಿಯಲ್ಲಿ ತೊರೆ ತುಂಬಿ ಹರಿಯುತ್ತಿತ್ತು. ಹರಿಗೋಲಿನಲ್ಲಿ ಹತ್ತು ಹತ್ತು ಆಳುಗಳನ್ನು ದಾಟಿಸಿದ. ಕಡವು ಮುಟ್ಟುವ ಹೊತ್ತಿಗೆ ಹೊತ್ತು ಮುಳುಗಲು ಬಂದಿತ್ತು, ಕೋಟೆಯ ಮೇಲೆ ಬಿಳಿಗುಡ್ಡದ ನಿಶಾನೆ ಹಾರುತ್ತಿತ್ತು. ಒಳಗಿದ್ದವರು ಮಧ್ಯಾಹ್ನವೇ ಬಾಗಿಲು ತೆಗೆದಿದ್ದರು. ಅರ್ಧ ದಿನದ ತಡ, ಅಷ್ಟೇ ಅಂತೆ.

ತಡವಾಗಿ ಬಂದವನ ಮುಖ ನನಗೆ ತೋರಿಸಬೇಡಿ ಅಂದ ನಾಯಕ. ಬದುಕಿರುವ ತನಕ ತೆಂಕಣ ದಡ ತುಳಿಯಬಾರದು ಅಂತ ಗಡೀಪಾರು ಮಾಡಿದ. ಹೆಂಡತಿ ಹಂಪವ್ವ ಜೊತೆಗೆ ಹೊರಟು ನಿಂತಳು. ಮನೆಯಲ್ಲಿ ಅವಳ ಮಾವ, ಗಾದ್ರಯ್ಯನ ಕಣ್ಣಿಲ್ಲದ ಅಪ್ಪ ಇದ್ದ. ಅವನನ್ನು ಯಾರು ನೋಡುತ್ತಾರೆ ಅಂತ ಗಾದ್ರಯ್ಯನೇ ಅವಳನ್ನು ತಡೆದನಂತೆ.

ಬಡಗಣ ದಡದಲ್ಲಿ, ಇಬ್ಬರು ನಾಯಕರಿಗೂ ಸೇರದ ಜಾಗದಲ್ಲಿ, ಒಂದು ಪಾಳು ಮಂಟಪ. ಅಲ್ಲಿ ನಿಂತ. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಕಪ್ಪು ಕಡತ ಮಡಿಚಿಕೊಂಡ. ಬಳಪ ಹಿಡಿದು ಯುದ್ಧವನ್ನು ಬರೆಯಲು ಕೂತ. ಎರಡೂ ಕಡೆಯ ಆಳುಗಳು ಆ ದಾರಿಯಲ್ಲಿ ಬರುತ್ತಿದ್ದರು, ಕುಂಟುತ್ತ ಬರುತ್ತಿದ್ದರು. ನೀರು ಕೊಟ್ಟು ಕೂರಿಸಿ ಕೇಳುತ್ತಿದ್ದ:

"ಇದು ನೀನು ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ?"

ಯಾರೋ ಹೇಳಿದ್ದು ಅಂದರೆ, ಆ ಯಾರೋ ಸಿಗುವ ತನಕ ಬಳಪ ಮುಟ್ಟುತ್ತಿರಲಿಲ್ಲವಂತೆ. ಒಂದು ದಿನದ ಕಾಳಗಕ್ಕೆ ನಲವತ್ತು ಜನರನ್ನು ಕೇಳಿದ, ನಲವತ್ತು ಜನ ನಲವತ್ತು ಥರ ಹೇಳಿದರಂತೆ. ತನ್ನದನ್ನೂ ಬರೆದ. ತೊರೆ ತುಂಬಿದ್ದನ್ನು ಬರೆದ. ಹೊರಡುವ ಮುಂಚೆ ಆಳುಗಳು ಉಂಡು ಏಳಲಿ ಅಂತ ತಾನು ಕಾದದ್ದನ್ನೂ ಬರೆದ. ಅದು ನಾಯಕನಿಗೇ ಗೊತ್ತಿರಲಿಲ್ಲ.

ಹೀಗೆ ಹದಿನೆಂಟು ವರ್ಷ. ನಡುವೆ ಒಂದು ಘೋರ ನಡೆಯಿತು. ಹೊಳೆಯ ನಡುಗಡ್ಡೆಯಲ್ಲಿ ಕುರಿ ಕಾಯುವವರ ಹಟ್ಟಿಯೊಂದಿತ್ತು. ನಾವು ಯಾರ ಕಡೆಗೂ ಇಲ್ಲ, ನಮ್ಮ ಪಾಡಿಗೆ ನಮ್ಮನ್ನು ಬಿಡಿ ಅಂದರು ಅವರು. ಕರಡಿಕಲ್ಲಿನವರು ಬಿಡಲಿಲ್ಲ. ಗಂಡಸರನ್ನೆಲ್ಲ ಕಡಿದರು, ಹೆಂಗಸರನ್ನೂ ಮಕ್ಕಳನ್ನೂ ಹಿಡಿದು ಸಾಗಿಸಿದರು. ಹೌದು, ನಮ್ಮವರೇ. ಗಾದ್ರಯ್ಯ ನಡುಗಡ್ಡೆಗೆ ಹೋದ, ಉಳಿದ ಒಬ್ಬಳು ಮುದುಕಿಯ ಹತ್ತಿರ ಕೂತ, ಒಂದೊಂದೇ ಹೆಸರು ಕೇಳಿ ಬರೆದುಕೊಂಡ.

ಅಷ್ಟರಲ್ಲಿ ಹಳೆಯ ನಾಯಕ ಸತ್ತು ಮಗ ಗಾದಿಗೆ ಬಂದಿದ್ದ. ಕಡತದ ಸುದ್ದಿ ಅವನ ಕಿವಿಗೂ ಬಿತ್ತು. ನಡುಗಡ್ಡೆಯ ಸಂಗತಿ ಒರೆಸಿಹಾಕಿದರೆ ಗಡೀಪಾರು ರದ್ದು, ಮನೆಗೆ ಬರಬಹುದು ಅಂತ ಹೇಳಿ ಕಳಿಸಿದ. ಆ ಮಾತು ಹೊತ್ತು ಬಂದವಳು ಹಂಪವ್ವ. ಅವಳ ತಲೆ ಬೆಳ್ಳಗಾಗಿತ್ತು.

"ಮಾವ ಹಾಸಿಗೆ ಹಿಡಿದು ಮೂರು ತಿಂಗಳಾಯ್ತು," ಅಂದಳು. "ನಿಮ್ಮ ಹೆಸರೇ ಕನವರಿಸ್ತಾರೆ. ಒರೆಸೋಕೆ ಒಂದು ಒದ್ದೆ ಬಟ್ಟೆ ಸಾಕಂತೆ."

ಗಾದ್ರಯ್ಯ ಕಡತದಲ್ಲಿ ನಡುಗಡ್ಡೆಯ ಸಂಗತಿ ಇದ್ದ ಮಡಿಕೆ ಬಿಚ್ಚಿ, ಅವಳಿಗೆ ಕೇಳುವಂತೆ ಮೆಲ್ಲಗೆ ಓದಿದ. ಹೆಸರುಗಳನ್ನು ಓದಿದ. ಓದಿ ಮುಗಿಸಿ ಕಡತವನ್ನು ಅವಳ ತೊಡೆಯ ಮೇಲಿಟ್ಟ.

"ನೀನು ಒರೆಸಿದರೆ ಬೇಡ ಅನ್ನಲ್ಲ. ನನ್ನ ಕೈಲಿ ಆಗಲ್ಲ."

ಹಂಪವ್ವ ಸೆರಗಿನ ತುದಿಯನ್ನು ನೀರಲ್ಲಿ ಅದ್ದಿದಳಂತೆ. ಹಿಂಡಿದಳಂತೆ. ಆ ಸೆರಗು ಅವಳ ಕೈಯಲ್ಲೇ ಒಣಗಿತು.

"ಇದರಲ್ಲಿ ಒಬ್ಬನಿಗೆ ನಮ್ಮಪ್ಪನ ಹೆಸರೇ ಇದೆ," ಅಂದಳು. "ನಾನು ಹೋಗ್ತೀನಿ. ಮಾವನ ಗಂಜಿಗೆ ಹೊತ್ತಾಯ್ತು."

ಹರಿಗೋಲು ಆಚೆ ದಡ ಮುಟ್ಟುವ ತನಕ ಅವನು ನೀರಲ್ಲೇ ನಿಂತಿದ್ದನಂತೆ. ಆಮೇಲೆ ಅವರು ಒಬ್ಬರನ್ನೊಬ್ಬರು ಕಾಣಲಿಲ್ಲ. ಆ ಮಳೆಗಾಲದಲ್ಲೇ ಮುದುಕ ತೀರಿಕೊಂಡ. ಎರಡು ವರ್ಷಕ್ಕೆ ಹಂಪವ್ವ. ಸುದ್ದಿ ಹೇಳಿದವನನ್ನು ಗಾದ್ರಯ್ಯ, ನೀನು ಕಣ್ಣಾರೆ ಕಂಡೆಯಾ ಅಂತ ಕೇಳಲಿಲ್ಲವಂತೆ. ಅದೊಂದು ಸಲ ಕೇಳಲಿಲ್ಲ.

ಮಾಗಿ ಕಳೆದು ಬಿಸಿಲು ಏರುವ ಹೊತ್ತಿನಲ್ಲಿ, ಕುರುಬನೊಬ್ಬ ನೀರು ಕೇಳಲು ಮಂಟಪಕ್ಕೆ ಬಂದ. ಗಾದ್ರಯ್ಯ ಕಂಬಕ್ಕೆ ಒರಗಿದ್ದ. ಮೈ ತಣ್ಣಗಿತ್ತು. ಕಡತದ ಕೊನೆಯ ಸಾಲು, "ಮಾರನೆಯ ದಿನ ಎರಡೂ ಕಡೆಯವರು ಹೊಳೆಗೆ ಇಳಿದು" ಅನ್ನುವಲ್ಲಿಗೆ ನಿಂತಿತ್ತು.

ಈಗ ಆ ಕೋಟೆಗಳಿಲ್ಲ, ನಾಯಕರೂ ಇಲ್ಲ. ಗಾದ್ರಯ್ಯ ತೀರಿಕೊಂಡ ಮಾಘ ಬಹುಳ ತದಿಗೆಯ ದಿನ ಎರಡೂ ದಡದವರು ಆ ಮಂಟಪದಲ್ಲಿ ಸೇರುತ್ತಾರೆ. ಆವತ್ತು ಪೂಜೆ ಇಲ್ಲ, ಊಟ ಇಲ್ಲ. ಕಡತದ ಮಾಸಿದ ಅಕ್ಷರಗಳ ಮೇಲೆ ಬಳಪ ಆಡಿಸುತ್ತಾರೆ. ನಡುಗಡ್ಡೆಯವರ ಹೆಸರುಗಳನ್ನು ಕರಡಿಕಲ್ಲಿನವರೇ ಮತ್ತೆ ಮೂಡಿಸಬೇಕು, ಅದು ಕಟ್ಟಳೆ. ಆಮೇಲೆ ಒಬ್ಬರು ಗಟ್ಟಿಯಾಗಿ ಓದುತ್ತಾರೆ. "ಹೊಳೆಗೆ ಇಳಿದು" ಅನ್ನುವಲ್ಲಿಗೆ ಬಂದು ನಿಲ್ಲಿಸುತ್ತಾರೆ. ಮುಂದಕ್ಕೆ ಒಂದಕ್ಷರವನ್ನೂ ಇದುವರೆಗೆ ಯಾರೂ ಸೇರಿಸಿಲ್ಲ. ಕಡತ ಮಡಿಚಿಟ್ಟು, ಎದ್ದು ಅವರವರ ದಡಕ್ಕೆ ಹೋಗುತ್ತಾರೆ.